ದಾನವ್ವ ಓದಿದ ಪ್ರಬಂಧ

ಧಾರವಾಡದ ಒಣಬೇಸಾಯ ಸಂಶೋಧನಾ ಕೇಂದ್ರದ ಲೈಬ್ರರಿಗೆ ಹೊರಗಿನವರು ಬರುವುದು ಅಪರೂಪ. ಬಂದರೂ ಸಪ್ತಾಪುರದ ಬಾಡಿಗೆ ಕೋಣೆಗಳಲ್ಲಿರುವ ಪರೀಕ್ಷಾರ್ಥಿಗಳು, ತಮ್ಮದೇ ಪುಸ್ತಕ ತಂದು ಫ್ಯಾನಿನ ಕೆಳಗಿನ ಮೇಜು ಹಿಡಿಯುವವರು. ಹಾಗಾಗಿ ಜುಲೈ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ, ಇಳಕಲ್ ಸೀರೆ ಉಟ್ಟ, ಅರವತ್ತು ದಾಟಿದ ಹೆಂಗಸೊಬ್ಬಳು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದಾಗ, ಆಕೆ ದಾರಿ ತಪ್ಪಿ ಬಂದಿರಬೇಕು ಎಂದೇ ಗ್ರಂಥಪಾಲಕಿ ನಾಗರತ್ನಾ ಅಂದುಕೊಂಡಳು.

"ಮಣ್ಣು ಪರೀಕ್ಷಾ ಮಾಡೂದು ಆ ಕಡೆ ಬಿಲ್ಡಿಂಗಿನ್ಯಾಗರಿ ಅಮ್ಮಾರ," ಎಂದಳು.

"ಮಣ್ಣಿಂದೇನೂ ಕೆಲಸಿಲ್ರಿ ಬಾಯಾರ. ಲೈಬ್ರರಿ ಇದ ಹೌದಲ್ರಿ?" ಎಂದು ಆಕೆ ಸುತ್ತಲಿನ ಕಪಾಟುಗಳನ್ನು ಒಮ್ಮೆ ನೋಡಿದಳು. "ನಾ ಸುಳ್ಳದಿಂದ ಬಂದೇನ್ರಿ, ದಾನವ್ವ ಅಂತ. ನಮ್ಮ ಹಗೇವಿನ ಮ್ಯಾಲ ನಿಮ್ಮವರು ಏನೋ ಬರದಾರಂತ. ಅದನ್ನ ಓದಬೇಕಾಗಿತ್ತು."

ಹಗೇವು ಎಂದರೆ ಜೋಳ ಇಡಲು ನೆಲದಲ್ಲಿ ತೋಡಿದ ಆಳವಾದ ಗುಂಡಿ. ಒಳಗೋಡೆಗೆ ಕಣಿಕೆ ಅಂದರೆ ಜೋಳದ ಒಣದಂಟು, ಹೊಟ್ಟು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಹುಳ ಹಿಡಿಯದೆ ಇರುತ್ತದೆ. ಹುಬ್ಬಳ್ಳಿ ಹತ್ತಿರದ ಸುಳ್ಳ ಗ್ರಾಮದಲ್ಲಿ ಈಗಲೂ ಹಗೇವು ಬಳಸುವ ಹತ್ತು ಮನೆಗಳಲ್ಲಿ ದಾನವ್ವನದೊಂದು. ಮೂರು ವರ್ಷದ ಹಿಂದೆ ಈ ಕೇಂದ್ರದ ವಿಜ್ಞಾನಿ ಶಿವಯೋಗೀಶ ಅವಳ ಅಂಗಳಕ್ಕೆ ಯಂತ್ರಗಳನ್ನು ತಂದು, ಎರಡು ಹಂಗಾಮು ಅಳತೆ ಮಾಡಿ, ಅವಳನ್ನು ಕೇಳಿ ಕೇಳಿ ನೋಟ್‌ಬುಕ್ ತುಂಬಿಸಿಕೊಂಡು ಹೋಗಿದ್ದ. ಬರೆದ ಮೇಲೆ ತಿಳಿಸುತ್ತೇನೆ ಎಂದಿದ್ದ. ತಿಳಿಸಿರಲಿಲ್ಲ. ಅದು ಅಚ್ಚಾಗಿದೆ ಎಂದು ಕೃಷಿ ಇಲಾಖೆಯವರ ಬಾಯಿಂದ ಕೇಳಿ, ದಾನವ್ವ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಧಾರವಾಡಕ್ಕೆ ಓಡುವ ಚಿಗರಿ ಬಸ್ಸು ಹಿಡಿದು ತಾನೇ ಬಂದುಬಿಟ್ಟಿದ್ದಳು.

ನಾಗರತ್ನಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಹುಡುಕಿದಳು. ಪ್ರಬಂಧ ಸಿಕ್ಕಿತು. ಹೊರದೇಶದ ಒಂದು ಜರ್ನಲ್ಲಿನಲ್ಲಿ ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಬಂದಿತ್ತು. ಶೀರ್ಷಿಕೆ, ಕೆಳಗೆ ಎಂಟು ಸಾಲಿನ ಸಾರಾಂಶ, ಅದರ ಕೆಳಗೆ ಒಂದು ಚೌಕ. ಪೂರ್ತಿ ಓದಬೇಕಾದರೆ ಮೂರು ಸಾವಿರ ರೂಪಾಯಿಗೂ ಮೇಲೆ ಕೊಡಬೇಕು ಎಂದು ಆ ಚೌಕದಲ್ಲಿತ್ತು. ಆ ಜರ್ನಲ್ಲಿಗೆ ಕೇಂದ್ರದ ಲೈಬ್ರರಿ ಚಂದಾದಾರ ಆಗಿರಲಿಲ್ಲ.

ವಿಷಯ ಕೇಳಿ ದಾನವ್ವ ಮುಂದಕ್ಕೆ ಬಾಗಿ ಆ ಚೌಕವನ್ನು ನೋಡಿದಳು. "ಹಗೇವು ನಮ್ದು, ಜ್ವಾಳ ನಮ್ದು, ಹೇಳಿದಾಕಿ ನಾನು. ಓದಾಕೂ ನಾನ ರೊಕ್ಕ ಕೊಡಬೇಕೇನ್ರಿ?"

ಸಿಟ್ಟಿನಿಂದ ಕೇಳಿದ ಪ್ರಶ್ನೆ ಅಲ್ಲ ಅದು. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದಳು. ನಾಗರತ್ನಾ ಕುರ್ಚಿಯಿಂದ ಎದ್ದಳು. "ಇಲ್ಲೇ ಕುಂದರ್ರಿ ಅಮ್ಮಾರ, ಬರ್ದವರನ್ನ ಕರ್ಕೊಂಡು ಬರ್ತೇನಿ," ಎಂದು ಮಹಡಿ ಹತ್ತಿದಳು.

ಶಿವಯೋಗೀಶ ಕೆಟ್ಟವನಲ್ಲ. ನಲವತ್ತೆರಡರ ವಯಸ್ಸು, ಹೊಲದಲ್ಲಿ ದುಡಿದೇ ಕಲಿತ ವಿಜ್ಞಾನಿ. ದಾನವ್ವ ಬಂದಿದ್ದಾಳೆ ಎಂದು ಕೇಳಿದ್ದೇ ಮುಖ ಸಪ್ಪಗಾಯಿತು. ದಡದಡನೆ ಇಳಿದು ಬಂದವನು ಕೈ ಮುಗಿದ.

"ತಪ್ಪಾತ್ರಿ ದಾನವ್ವಾರ. ಬರ್ಬೇಕು ಬರ್ಬೇಕು ಅನ್ಕೋತ ಉಳದಬಿಟ್ಟೆ. ನನ್ನ ಹತ್ರ ಒಂದು ಪ್ರತಿ ಐತಿ. ಈಗ ಪ್ರಿಂಟ್ ತಗದು ಕೊಡ್ತೇನ್ರಿ."

"ಕನ್ನಡದಾಗ ಐತೇನ್ರಿ?"

"ಇಲ್ರಿ, ಇಂಗ್ಲಿಷಿನ್ಯಾಗ ಐತಿ."

"ಹಂಗಾರ ನಾ ಹೆಂಗ ಓದ್ಲಿ?" ದಾನವ್ವ ನಕ್ಕಳು. "ನಾ ಏಳನೇತ್ತ ಪಾಸಾದಾಕಿ ಅದೇನಿ. ದಿನಾ ಪೇಪರ್ ಓದ್ತೇನಿ. ಅಲ್ದ, ನನಗೊಬ್ಬಾಕಿಗೆ ಗುಟ್ಟಾಗಿ ಕೊಟ್ರ ಏನ್ ಬಂತ್ರಿ? ಊರಾಗ ಇನ್ನ ಒಂಬತ್ತು ಮನಿ ಅದಾವ. ಅವರೂ ಓದಬೇಕಲ್ಲ."

ಶಿವಯೋಗೀಶ ತಲೆ ಕೆರೆದುಕೊಂಡ. ಎಲ್ಲರಿಗೂ ಸಿಗುವ ಹಾಗೆ ಇಡುವ ಹಕ್ಕು ತನಗಿಲ್ಲ, ಅಚ್ಚು ಮಾಡಿದವರಿಗೆ ಬರೆದುಕೊಟ್ಟಾಗಿದೆ ಎಂದ. ಆ ಕಾಗದ ಓದಿದ್ದೀರಾ ಎಂದು ನಾಗರತ್ನಾ ಕೇಳಿದಳು. ಸಹಿ ಮಾಡಿದ್ದೆ, ಓದಿರಲಿಲ್ಲ ಎಂದು ಅವನು ಒಪ್ಪಿಕೊಂಡ.

ಆ ಮಧ್ಯಾಹ್ನ ನಾಗರತ್ನಾ ಡಬ್ಬಿಯಲ್ಲಿದ್ದ ರೊಟ್ಟಿಯನ್ನು ಎಡಗೈಯಲ್ಲಿ ಹಿಡಿದು ತಿನ್ನುತ್ತಲೇ ಒಪ್ಪಂದದ ಆರು ಪುಟ ಓದಿದಳು. ಇಂಥ ಕಾಗದ ಓದುವುದರಲ್ಲಿ ಅವಳಿಗೆ ಬೇಸರವಿಲ್ಲ. ಬದಲಿಗೆ ಒಂದು ಬಗೆಯ ಹುಮ್ಮಸ್ಸು. ಮೂರು ವರ್ಷದ ಹಿಂದೆ ಒಂದು ತರಬೇತಿಗೆ ಹೋಗಿ ಬಂದವಳು, ಕೇಂದ್ರದ ಹೆಸರಿನಲ್ಲಿ ಒಂದು ಮುಕ್ತ ಭಂಡಾರ ಕಟ್ಟಿದ್ದಳು. ಅಂದರೆ ಇಲ್ಲಿನ ವಿಜ್ಞಾನಿಗಳು ಬರೆದದ್ದನ್ನು ಯಾರು ಬೇಕಾದರೂ, ಎಲ್ಲಿಂದಲಾದರೂ, ದುಡ್ಡಿಲ್ಲದೆ ಓದುವಂತೆ ಜೋಡಿಸಿಡುವ ಒಂದು ಜಾಲತಾಣ. ಪ್ರತಿ ತಿಂಗಳು ಎಲ್ಲ ವಿಜ್ಞಾನಿಗಳಿಗೂ ನಿಮ್ಮ ಪ್ರಬಂಧ ಕೊಡಿ ಎಂದು ಪತ್ರ ಕಳಿಸುತ್ತಿದ್ದಳು. ಯಾರೂ ಕೊಡುತ್ತಿರಲಿಲ್ಲ. ಭಂಡಾರದಲ್ಲಿ ಇದ್ದದ್ದು ಹಳೆಯ ವಾರ್ಷಿಕ ವರದಿಗಳು ಮಾತ್ರ. ಆಡಿಟ್‌ನವರು ಬಿಟ್ಟು ಅದನ್ನು ತೆರೆದವರಿಲ್ಲ.

ನಾಲ್ಕನೆಯ ಪುಟದಲ್ಲಿ ಅವಳಿಗೆ ಬೇಕಾದದ್ದು ಸಿಕ್ಕಿತು. ಜರ್ನಲ್ಲಿನವರು ಜೋಡಿಸಿ ಅಚ್ಚು ಮಾಡಿದ ಪ್ರತಿಯನ್ನು ಹಂಚುವಂತಿಲ್ಲ. ಆದರೆ ಅಚ್ಚಿಗೆ ಮೊದಲು ಓದಿ ತೂಗುವ ಪರಿಶೀಲಕರ ಮಾತಿನಂತೆ ತಿದ್ದಿ ಲೇಖಕರು ಕೊನೆಗೆ ಕಳಿಸಿದ ಹಸ್ತಪ್ರತಿಯನ್ನು, ಪ್ರಕಟವಾಗಿ ಹನ್ನೆರಡು ತಿಂಗಳಾದ ಮೇಲೆ, ಅವರ ಸಂಸ್ಥೆಯ ಲೈಬ್ರರಿ ಎಲ್ಲರಿಗೂ ತೆರೆದಿಡಬಹುದು. ಹದಿನೈದು ತಿಂಗಳು ಆಗಿತ್ತು. ಕನ್ನಡ ಅನುವಾದಕ್ಕೆ ಅನುಮತಿ ಕೇಳಿ ಅಂದೇ ಜರ್ನಲ್ಲಿಗೆ ಪತ್ರ ಬರೆದಳು. ಎಂಟು ದಿನಕ್ಕೆ ಉತ್ತರ ಬಂತು: ಮಾರಾಟ ಮಾಡದಿದ್ದರೆ, ಮೂಲ ಪ್ರಕಟಣೆಯ ಹೆಸರು ಹೇಳಿದರೆ, ಅಡ್ಡಿಯಿಲ್ಲ. ಕೇಳಿದರೆ ಕೊಡುತ್ತಾರೆ, ಇಷ್ಟು ದಿನ ಯಾರೂ ಕೇಳಿರಲಿಲ್ಲ ಅಷ್ಟೆ.

ಕಷ್ಟ ಬೇರೆ ಕಡೆಯಿತ್ತು. ಶಿವಯೋಗೀಶನ ಹತ್ತಿರ ಇದ್ದದ್ದು ಅಚ್ಚಾದ ಪ್ರತಿ, ಆ ಕೊನೆಯ ಹಸ್ತಪ್ರತಿ ಇರಲಿಲ್ಲ. ಜನವರಿಯಲ್ಲಿ ಅವನ ಲ್ಯಾಪ್‌ಟಾಪ್ ಕೆಟ್ಟು, ಅದರಲ್ಲಿದ್ದದ್ದೆಲ್ಲ ಹೋಗಿತ್ತು.

"ತ್ರ್ಯಂಬಕ ಸರ್ ಹತ್ರ ಇರಬೇಕು," ಎಂದ. "ಇಬ್ಬರೂ ಕೂಡೆ ಬರದದ್ದು. ಕಳಿಸಿದವರು ಅವರ."

ತ್ರ್ಯಂಬಕ ಅವರು ಶಿವಯೋಗೀಶನ ಹಿರಿಯ ಸಹೋದ್ಯೋಗಿ, ನಿವೃತ್ತರಾಗಿ ಸಪ್ತಾಪುರದಲ್ಲಿದ್ದರು. ಮನೆಯ ಕೆಳಗೆ ಕೋಚಿಂಗ್ ಕ್ಲಾಸು. ಹುಡುಗ ಹುಡುಗಿಯರ ಸ್ಕೂಟರುಗಳ ನಡುವೆ ಜಾಗ ಮಾಡಿಕೊಂಡು ನಾಗರತ್ನಾ ಮತ್ತು ಶಿವಯೋಗೀಶ ತಮ್ಮ ಗಾಡಿ ನಿಲ್ಲಿಸಿ ಮೇಲೆ ಹೋದರು. ವಿಷಯ ಕೇಳಿ ತ್ರ್ಯಂಬಕರಿಗೆ ಎಲ್ಲಿಲ್ಲದ ಹುರುಪು ಬಂತು. ಒಂದು ವರ್ಷದಿಂದ ಯಾರೂ ಅವರನ್ನು ಕೆಲಸದ ಮಾತು ಕೇಳಿರಲಿಲ್ಲ.

"ಬರ್ರಿ ಬರ್ರಿ, ಕೂಡ್ರಿ. ಎಲ್ಲಾ ಜ್ವಾಕ್ಯಾಗಿ ಇಟ್ಟೀನಿ," ಎಂದು ಕಂಪ್ಯೂಟರ್ ಹಚ್ಚಿದರು.

ಜೋಪಾನವಾಗಿಯೇ ಇಟ್ಟಿದ್ದರು, ಅದು ನಿಜ. ಆದರೆ ಹನ್ನೊಂದು ಕಡತಗಳಿದ್ದವು. ಒಂದರ ಹೆಸರು 'ಹಗೇವು ಕೊನೆಯದು'. ಇನ್ನೊಂದು 'ಹಗೇವು ಕೊನೆಯದು ಎರಡು'. ಮತ್ತೊಂದು 'ಹಗೇವು ಖರೇನ ಕೊನೆಯದು'. ಅದರ ಕೆಳಗೆ 'ಹಗೇವು ಇದನ್ನ ಕಳಿಸು', 'ಹಗೇವು ಇದನ್ನಲ್ಲ', ಕಟ್ಟಕಡೆಗೆ 'ಹಗೇವು ಬ್ಯಾಡ'.

"ಇದರಾಗ ಯಾವುದು ಹೋಗಿದ್ದು ಸರ್?" ನಾಗರತ್ನಾ ಕೇಳಿದಳು.

"ಅದನ್ನ ನೋಡಬೇಕು ನೋಡ್ರಿ," ಎಂದರು ತ್ರ್ಯಂಬಕರು, ಬಲು ಗಂಭೀರವಾಗಿ.

ನಾಗರತ್ನಾ ಪರಿಶೀಲಕರು ಬರೆದಿದ್ದ ಪತ್ರ ತೋರಿಸಲು ಹೇಳಿದಳು. ಎರಡನೆಯ ಪರಿಶೀಲಕರು ಕಾಳಿನ ತೇವಾಂಶದ ಕೋಷ್ಟಕವನ್ನು ತಿಂಗಳುವಾರು ಬಿಡಿಸಿ ಕೊಡಿ ಎಂದಿದ್ದರು. ಹಾಗಾದರೆ ಯಾವ ಕಡತದಲ್ಲಿ ಕೋಷ್ಟಕ ತಿಂಗಳುವಾರು ಇದೆಯೋ ಅದೇ ಕೊನೆಯದು. ಒಂದೊಂದೇ ತೆರೆದು ನೋಡುತ್ತ ಹೋದರು. ನಡುವೆ ಎರಡು ಸಲ ಚಹಾ, ಒಮ್ಮೆ ಅವಲಕ್ಕಿ ಆಯಿತು. ಹತ್ತು ಕಡತದಲ್ಲಿ ಹಳೆಯ ಕೋಷ್ಟಕ. ಉಳಿದದ್ದು 'ಹಗೇವು ಬ್ಯಾಡ'.

ತೆರೆದರೆ ಅದರಲ್ಲಿತ್ತು.

"ಬ್ಯಾಡ ಅಂತ ಯಾಕ ಹೆಸರಿಟ್ರಿ ಸರ್?" ಶಿವಯೋಗೀಶ ನಗು ತಡೆಯಲಾರದೆ ಕೇಳಿದ.

"ಅದು ಬ್ಯಾಡ ಅಂತಲ್ಲೋ ಮಾರಾಯಾ. ಇನ್ನ ಮುಟ್ಟೂದು ಬ್ಯಾಡ ಅಂತ," ಎಂದರು ತ್ರ್ಯಂಬಕರು.

ಆ ಕಡತ ಮರುದಿನವೇ ಭಂಡಾರಕ್ಕೆ ಏರಿತು. ವಾರ್ಷಿಕ ವರದಿಗಳ ಸಾಲಿನ ಮೇಲೆ, ಮೊಟ್ಟಮೊದಲ ಪ್ರಬಂಧವಾಗಿ ಅದು ಕಂಡಾಗ ನಾಗರತ್ನಾ ಪುಟವನ್ನು ಮೂರು ಸಲ ತೆರೆದು ಮುಚ್ಚಿ ನೋಡಿದಳು.

ಕನ್ನಡದ ಕೆಲಸಕ್ಕೆ ಎರಡು ವಾರ ಹಿಡಿಯಿತು. ದಿನಾ ಸಂಜೆ ಕಚೇರಿ ಮುಗಿದ ಮೇಲೆ ಒಂದು ತಾಸು ಅವಳೂ ಶಿವಯೋಗೀಶನೂ ಲೈಬ್ರರಿಯಲ್ಲಿ ಕೂರುತ್ತಿದ್ದರು. ಗಾಳಿ ಆಡದಂತೆ ಮುಚ್ಚುವುದಕ್ಕೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಶಬ್ದವಿತ್ತು. ಶಿವಯೋಗೀಶ ಅದಕ್ಕೆ ಅಷ್ಟೇ ದೊಡ್ಡದೊಂದು ಸಂಸ್ಕೃತ ಶಬ್ದ ಹೊಂದಿಸಿದ. ನಾಗರತ್ನಾ ಒಪ್ಪದೆ ದಾನವ್ವನಿಗೆ ಫೋನು ಹಚ್ಚಿದಳು.

"ಅದಕ್ಕ ನಾವು ಬಾಯಿ ಮೆತ್ತೂದು ಅಂತೇವ್ರಿ," ಎಂದಳು ದಾನವ್ವ. ಹಾಗೆಯೇ ಬರೆದರು. ಆಮೇಲೆ ಅನುಮಾನ ಬಂದ ಶಬ್ದಕ್ಕೆಲ್ಲ ಅವಳಿಗೇ ಫೋನು. ಎರಡನೆಯ ವಾರದ ಹೊತ್ತಿಗೆ ಸಂಜೆ ಐದೂವರೆಗೆ ಅವಳೇ ಫೋನು ಮಾಡಿ, "ಇವತ್ತ ಏನೂ ಕೇಳೂದಿಲ್ಲೇನ್ರಿ?" ಎನ್ನತೊಡಗಿದ್ದಳು.

ಆಗಸ್ಟ್ ತಿಂಗಳ ಮೊದಲ ಭಾನುವಾರ ಇಬ್ಬರೂ ಕನ್ನಡ ಪ್ರತಿಗಳನ್ನು ಹಿಡಿದು ಸುಳ್ಳಕ್ಕೆ ಹೋದರು. ದಾನವ್ವನ ಕಟ್ಟೆಯ ಮೇಲೆ ಕಂಬಳಿ ಹಾಸಿತ್ತು. ಹಗೇವು ಇರುವ ಮನೆಗಳವರು ಬಂದು ಕೂತಿದ್ದರು. ಅವರ ನಡುವೆ ದಾನವ್ವನ ಮೈದುನ ಗುರುಪಾದನೂ ಇದ್ದ. ತಾನು ಓದುತ್ತೇನೆ ಎಂದು ಶಿವಯೋಗೀಶ ಎದ್ದಾಗ ದಾನವ್ವ ಅವನ ಕೈಯಿಂದ ಪ್ರತಿ ತೆಗೆದುಕೊಂಡಳು.

"ನೀವು ಬರದೀರಿ. ನಾವು ಓದ್ತೇವಿ," ಎಂದು ಕನ್ನಡಕ ಹಾಕಿಕೊಂಡಳು.

ಸಾಲಿನ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ, ನಿಧಾನವಾಗಿ ಓದಿದಳು. ಎರಡನೆಯ ಪುಟದಲ್ಲಿ ತಡೆದು ನಿಂತಳು. "ಸುಳ್ಳ ಗ್ರಾಮದ ಮೂರನೇ ಘಟಕ. ಇದ್ಯಾವುದ್ರಿ?"

"ಅದು ನಿಮ್ಮ ಹಗೇವುರಿ," ಎಂದ ಶಿವಯೋಗೀಶ.

ಕಟ್ಟೆ ತುಂಬ ನಗು. "ನಮ್ಮತ್ತಿ ಕಾಲದಿಂದ ಐತ್ರಿ ಅದು, ಈ ಊರಾಗ ಎಲ್ಲಾಕ್ಕಿಂತ ಹಳೇದು. ಅದನ್ನ ಮೂರನೇದು ಮಾಡೀರಲ್ಲ," ಎಂದು ದಾನವ್ವ ತಾನೂ ನಕ್ಕಳು. ಐದು ವರ್ಷದ ಹಿಂದೆ ತುಂಬಿದ ಕಾಳೂ ಕೆಟ್ಟಿರಲಿಲ್ಲವೆಂಬ ಕೋಷ್ಟಕ ಬಂದಾಗ ಎಲ್ಲರೂ ತಲೆಯಾಡಿಸಿದರು. ಮುಚ್ಚಿದ ಹಗೇವಿನಲ್ಲಿ ಕಾಳೇ ಉಸಿರಾಡಿ ಒಳಗಿನ ಗಾಳಿಯನ್ನು ಕೆಡಿಸುತ್ತದೆ, ಅದಕ್ಕೇ ಹುಳ ಬದುಕುವುದಿಲ್ಲ ಎಂಬಲ್ಲಿ, "ಇದು ನನಗ ಗೊತ್ತಿರಲಿಲ್ಲ ನೋಡ್ರಿ. ಛಲೋ ಆತು," ಎಂದು ಆ ಸಾಲನ್ನು ಮತ್ತೊಮ್ಮೆ ಓದಿದಳು.

ಆರನೆಯ ಪುಟಕ್ಕೆ ಬಂದಾಗ ಅವಳ ಬೆರಳು ನಿಂತಿತು.

"ಹಗೇವಿನ ಬಾಯಿ ತೆಗೆದ ಎರಡರಿಂದ ನಾಲ್ಕು ತಾಸುಗಳ ನಂತರ ಒಳಗೆ ಇಳಿಯಬಹುದು." ಓದಿ ತಲೆಯೆತ್ತಿದಳು. "ಇದನ್ನ ಯಾರ್ ಹೇಳಿದ್ರು?"

"ನೀವ ಹೇಳಿದ್ರಿ," ಎಂದ ಶಿವಯೋಗೀಶ. "ಅದನ್ನ ನಾವು ಯಂತ್ರದಾಗ ಅಳದಿಲ್ಲ. ನಿಮ್ಮ ರೂಢಿ ಏನೈತೋ ಅದನ್ನ ಬರದೀವಿ."

"ನಾ ಹಂಗ ಹೇಳಾಕ ಸಾಧ್ಯನ ಇಲ್ರಿ. ಒಂದು ಹಗಲು ಒಂದು ರಾತ್ರಿ ಪೂರ್ತಿ ಬಿಡಬೇಕು. ಇಪ್ಪತ್ನಾಕು ತಾಸು. ಆಮ್ಯಾಲ ದೀಪ ಇಳಿಸಿ ನೋಡಬೇಕು. ದೀಪ ಆರಿದ್ರ ಇಳೀಬಾರದು. ದೀಪದ್ದು ಇದರಾಗ ಎಲ್ಲೈತಿ?"

ದೀಪದ ಮಾತು ಎಲ್ಲಿಯೂ ಇರಲಿಲ್ಲ. ಆಗ ಗುರುಪಾದ ಬಾಯಿ ಬಿಟ್ಟ.

"ನಾ ಇಳದಿದ್ದೆ ಸಾಹೇಬರ, ಹದಿನೆಂಟರ ವಯಸ್ಸಿನ್ಯಾಗ. ಮುಂಜಾನಿ ಬಾಯಿ ತಗದು ಮಧ್ಯಾಹ್ನ ಇಳದೆ. ಮೂರು ತಾಸು ಆಗಿತ್ತು, ಅಷ್ಟ. ಕಾಲಾಗಿನ ಶಕ್ತಿ ಹೋತು, ಕಣ್ಣು ಕತ್ತಲಾತು. ನಮ್ಮವ್ವ ಹಗ್ಗ ಕಟ್ಟಿ ಇಳಿಸಿದ್ಲು, ಅದಕ್ಕ ಉಳದೆ. ಜಗ್ಗಿ ಮ್ಯಾಲ ತಗದ್ರು."

ಶಿವಯೋಗೀಶ ಪ್ರತಿ ಇಸಿದುಕೊಂಡು ಆ ಸಾಲಿನ ಪಕ್ಕ ಗುರುತು ಹಾಕಿಕೊಂಡ. ದಾನವ್ವ ಅವನಿಗೆ ಜೋಳದ ರೊಟ್ಟಿ, ಬದನೆಯ ಎಣಗಾಯಿ, ಗಟ್ಟಿ ಮೊಸರು ಬಡಿಸಿ, "ಉಣ್ರಿ. ತಪ್ಪು ಸಿಕ್ತಲ್ಲ, ಈಗ ತಿದ್ದಿದ್ರ ಆತು," ಎಂದಳು.

ಸೋಮವಾರ ಬೆಳಿಗ್ಗೆ ಅವನು ಕಪಾಟಿನಿಂದ ಹಳೆಯ ನೋಟ್‌ಬುಕ್ ತೆಗೆದ. ಅವನದೇ ಅಕ್ಷರ. 'ಬಾಯಿ ತೆಗೆದ ಮೇಲೆ 24 ತಾಸು. ನಂತರ ದೀಪ ಇಳಿಸಿ ನೋಡುವುದು.' ಇಂಗ್ಲಿಷಿಗೆ ಇಳಿಸುವಾಗ ಎರಡು ಮತ್ತು ನಾಲ್ಕರ ನಡುವೆ ಒಂದು ಗೆರೆ ಬಿದ್ದಿತ್ತು. ದೀಪದ ಸಾಲು, ವಿಜ್ಞಾನದ ಪ್ರಬಂಧದಲ್ಲಿ ಚೆನ್ನಾಗಿ ಕಾಣದು ಎಂದು ತಾನೇ ಬಿಟ್ಟದ್ದು ಅವನಿಗೆ ನೆನಪಾಯಿತು. ಇಬ್ಬರು ಪರಿಶೀಲಕರು ಓದಿದ್ದರು, ಸಂಪಾದಕರು ಓದಿದ್ದರು, ತ್ರ್ಯಂಬಕರು ಓದಿದ್ದರು. ಅವರಲ್ಲಿ ಯಾರೂ ಹಗೇವಿಗೆ ಇಳಿದವರಲ್ಲ.

ಆಮೇಲೆ ಎರಡು ದಿನ ಅವನು ಲೈಬ್ರರಿಯ ಕಡೆ ಸುಳಿಯಲಿಲ್ಲ. ನಾಗರತ್ನಾ ಮಾತ್ರ ಸೋಮವಾರವೇ ಕನ್ನಡ ಪ್ರತಿಯನ್ನು ಭಂಡಾರಕ್ಕೆ ಏರಿಸುವುದನ್ನು ನಿಲ್ಲಿಸಿ, ಇಂಗ್ಲಿಷ್ ಪ್ರತಿಯ ಲೆಕ್ಕ ನೋಡಿದಳು. ಎರಡೂವರೆ ವಾರದಲ್ಲಿ ನೂರಾ ನಲವತ್ಮೂರು ಜನ ಅದನ್ನು ಇಳಿಸಿಕೊಂಡಿದ್ದರು. ಆರು ಜನ ಇಥಿಯೋಪಿಯಾದವರು; ಅಲ್ಲಿಯೂ ಜೋಳವನ್ನು ನೆಲದೊಳಗೆ ಇಡುತ್ತಾರೆಂದು ಆಮೇಲೆ ಅವಳಿಗೆ ತಿಳಿಯಿತು. ಬುಧವಾರ ಒಂದು ಪತ್ರ ಬಂತು. ವಿಜಯಪುರ ಜಿಲ್ಲೆಯ ಒಂದು ರೈತ ಮಹಿಳಾ ಸಂಘದವರು ಬರೆದಿದ್ದರು. ಮುಚ್ಚಿಹೋದ ಹಗೇವುಗಳನ್ನು ಮತ್ತೆ ತೆರೆಯುತ್ತಿದ್ದೇವೆ, ಈ ಪ್ರಬಂಧ ನೋಡಿ ಕೈಪಿಡಿ ಮಾಡುತ್ತಿದ್ದೇವೆ, ನಿಮಗೆ ಕೃತಜ್ಞತೆ ಎಂದಿತ್ತು.

ಪತ್ರ ಓದುತ್ತಲೇ ನಾಗರತ್ನಾ ಅದನ್ನು ಪ್ರಿಂಟ್ ತೆಗೆದಳು. ಹಾಳೆಯನ್ನು ಹಿಡಿದುಕೊಂಡೇ ಮಹಡಿ ಹತ್ತಿದಳು.

"ಸರ್, ಇವತ್ತ ಪ್ರತಿ ಮ್ಯಾಲ ಒಂದು ಚೀಟಿ ಅಂಟಿಸಬೇಕು. ನೀವು ಬರದು ಕೊಡ್ರಿ. ಇಲ್ಲಂದ್ರ ಅದನ್ನ ಭಂಡಾರದಿಂದ ತಗೀತೇನಿ."

ಶಿವಯೋಗೀಶ ಕಿಟಕಿಯ ಕಡೆ ನೋಡಿದ. "ಮುಂದಿನ ತಿಂಗಳ ಬಡ್ತಿ ಇಂಟರ್‌ವ್ಯೂ ಐತ್ರಿ ಮೇಡಂ. ಈ ಪೇಪರ್ ತೋರಿಸೇ ಅರ್ಜಿ ಹಾಕೇನಿ. ಒಂದು ತಿಂಗಳು ತಡದ್ರ..."

"ಹಗೇವಿಗೆ ಇಳಿಯೋರಿಗೆ ನಿಮ್ಮ ಇಂಟರ್‌ವ್ಯೂ ತಾರೀಖು ಗೊತ್ತಿರೂದಿಲ್ರಿ ಸರ್."

ಹೇಳಿದ ಮೇಲೆ ಅವಳಿಗೇ ಅಂಜಿಕೆಯಾಯಿತು. ಹತ್ತು ವರ್ಷದ ನೌಕರಿಯಲ್ಲಿ ಯಾವ ವಿಜ್ಞಾನಿಗೂ ಹೀಗೆ ಮಾತಾಡಿರಲಿಲ್ಲ. ಶಿವಯೋಗೀಶ ಅವಳ ಕೈಯಲ್ಲಿದ್ದ ಪತ್ರ ಇಸಿದುಕೊಂಡು ಓದಿದ. ಇನ್ನೊಮ್ಮೆ ಓದಿದ. ಆಮೇಲೆ ತ್ರ್ಯಂಬಕರಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ.

ಅವರು ಆ ಕಡೆಯಿಂದ ಎಷ್ಟು ಗಟ್ಟಿಯಾಗಿ ಮಾತಾಡಿದರೆಂದರೆ ನಾಗರತ್ನಾಗೂ ಕೇಳಿಸಿತು. "ನನ್ನ ಹೆಸರೂ ಅದ ಅಲ್ಲೇನು ಅದರ ಮ್ಯಾಲ? ಓದಿ ಸೈ ಅಂದಾಂವ ನಾನ. ಇಬ್ಬರದೂ ತಪ್ಪು ಅಂತ ಬರಿ. ಈಗ ಬರಿ, ನಾ ಫೋನ್ ಇಡೂದಿಲ್ಲ."

ಫೋನನ್ನು ಮೇಜಿನ ಮೇಲಿಟ್ಟು ಶಿವಯೋಗೀಶ ಬರೆಯತೊಡಗಿದ. ತಪ್ಪೇನು, ಸರಿಯೇನು, ತೋರಿಸಿಕೊಟ್ಟವರು ಯಾರು, ಮೂರೇ ಸಾಲು. ಅವನೇ ಅದನ್ನು ಗಟ್ಟಿಯಾಗಿ ಓದಿ ತ್ರ್ಯಂಬಕರಿಗೆ ಕೇಳಿಸಿದ. "ದೀಪದ್ದು ಹಾಕಿದ್ಯಾ?" ಎಂದು ಕೇಳಿ, ಹೌದು ಎಂದ ಮೇಲೆ ಅವರು ಫೋನು ಇಟ್ಟರು.

ಅಂದು ಸಂಜೆ ನಾಲ್ಕಕ್ಕೆ ಭಂಡಾರದಲ್ಲಿ ತಿದ್ದಿದ ಪ್ರತಿ ಬಂತು. ಮೊದಲ ಪುಟದ ಮೇಲ್ಗಡೆ, ಕೆಂಪು ಚೌಕದಲ್ಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಆ ಮೂರು ಸಾಲು. ಹಳೆಯ ಪ್ರತಿಯನ್ನು ನಾಗರತ್ನಾ ಅಳಿಸಲಿಲ್ಲ. ಇದರಲ್ಲಿ ತಪ್ಪಿದೆ, ಹೊಸದನ್ನು ನೋಡಿ ಎಂದು ಗುರುತು ಹಾಕಿ ಪಕ್ಕಕ್ಕಿಟ್ಟಳು. ಬಳಿಕ ವಿಜಯಪುರದ ಸಂಘಕ್ಕೆ ಫೋನು ಮಾಡಿದಳು. ಕೈಪಿಡಿ ಪ್ರೆಸ್ಸಿಗೆ ಹೋಗಿತ್ತು, ಅಚ್ಚಾಗಿರಲಿಲ್ಲ. ಆ ಕಡೆಯ ಹೆಂಗಸು, "ಬಾಯಾರ, ಶುಕ್ರವಾರ ಅಚ್ಚಾಗೂದಿತ್ತು," ಎಂದಳು. ನಾಗರತ್ನಾ ಫೋನು ಇಟ್ಟು ತಿದ್ದಿದ ಪ್ರತಿಯನ್ನು ಆಗಲೇ ಅವರಿಗೆ ಕಳಿಸಿದಳು.

ಜರ್ನಲ್ಲಿನವರು ತಿದ್ದುಪಡಿ ಪ್ರಕಟಿಸಲು ಏಳು ವಾರ ತೆಗೆದುಕೊಂಡರು. ಮರ್ಯಾದೆಯಿಂದಲೇ ಪ್ರಕಟಿಸಿದರು. ಕೊನೆಯಲ್ಲಿ, ಈ ತಪ್ಪನ್ನು ಗುರುತಿಸಿದ ಸುಳ್ಳ ಗ್ರಾಮದ ಕೃಷಿಕರಾದ ದಾನವ್ವ ಅವರಿಗೆ ಲೇಖಕರ ಕೃತಜ್ಞತೆಗಳು ಎಂದಿತ್ತು. ತಿದ್ದುಪಡಿಯನ್ನು ಯಾರು ಬೇಕಾದರೂ ಬಿಟ್ಟಿ ಓದಬಹುದಿತ್ತು. ಪ್ರಬಂಧಕ್ಕೆ ಮಾತ್ರ ಅಲ್ಲಿ ಬೀಗ ಹಾಗೆಯೇ ಇತ್ತು. ನಾಗರತ್ನಾ ಆ ಪುಟವನ್ನು ಪ್ರಿಂಟ್ ತೆಗೆದು ಸುಳ್ಳಕ್ಕೆ ಅಂಚೆಯಲ್ಲಿ ಕಳಿಸಿದಳು. ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಿದ್ದಾರೆ, ತಮ್ಮ ಲಗ್ನದ ಫೋಟೋದ ಪಕ್ಕದಲ್ಲೇ ಎಂದು ಆಮೇಲೆ ಗೊತ್ತಾಯಿತು. ಅದು ದಾನವ್ವನ ಗಂಡ ಚನ್ನಯ್ಯನ ಕೆಲಸ. "ನಾ ಬ್ಯಾಡ ಅಂದೇನ್ರಿ, ಅವರು ಕೇಳಲಿಲ್ಲ," ಎಂದು ದಾನವ್ವ ಫೋನಿನಲ್ಲಿ ಹೇಳಿದಳು. ಬೇಡ ಅಂದವಳ ದನಿಯ ಹಾಗೆ ಅದು ಇರಲಿಲ್ಲ.

ಇಂಟರ್‌ವ್ಯೂನಲ್ಲಿ ಶಿವಯೋಗೀಶ ಯಾರೂ ಕೇಳುವ ಮೊದಲೇ ತಪ್ಪಿನ ಸಂಗತಿ ಹೇಳಿಬಿಟ್ಟ. ಕೂತಿದ್ದ ಐವರಲ್ಲಿ ಒಬ್ಬರು ಹುಬ್ಬು ಗಂಟಿಕ್ಕಿದರು. ಇನ್ನೊಬ್ಬರು ಪೂರ್ತಿ ಅರ್ಧ ತಾಸು ಹಗೇವಿನ ಬಗ್ಗೆಯೇ ಕೇಳಿದರು. ಬಡ್ತಿ ಸಿಕ್ಕಿತು. ಆ ತಪ್ಪು ಒಪ್ಪಿಕೊಂಡಿದ್ದಕ್ಕೆ ಸಿಕ್ಕಿತೋ, ಒಪ್ಪಿಕೊಂಡರೂ ಸಿಕ್ಕಿತೋ ಅವನಿಗೂ ಗೊತ್ತಿಲ್ಲ. ಪೇಢೆಯ ಮೊದಲ ಡಬ್ಬಿ ಲೈಬ್ರರಿಗೆ ಬಂತು.

"ನಿಮ್ಮ ಮ್ಯಾಲ ಎರಡು ದಿನ ಸಿಟ್ಟಿತ್ರಿ ಮೇಡಂ, ಖರೇ ಹೇಳ್ತೇನಿ," ಎಂದ ಅವನು.

"ನನಗ ಗೊತ್ತಿತ್ತು ಸರ್," ಎಂದು ನಾಗರತ್ನಾ ಪೇಢೆ ತೆಗೆದುಕೊಂಡಳು. "ಈಗ ನಿಮ್ಮ ಉಳಿದ ಹತ್ತು ಪೇಪರ್ ಯಾವಾಗ ಕೊಡ್ತೀರಿ?"

ಹಳೆಯ ಇಮೇಲುಗಳಲ್ಲಿ ಸಿಕ್ಕ ನಾಲ್ಕು ಕೊಟ್ಟ. ಉಳಿದವುಗಳಿಗೆ ತ್ರ್ಯಂಬಕರ ಕಂಪ್ಯೂಟರ್ ಹುಡುಕಬೇಕಾಯಿತು. ತ್ರ್ಯಂಬಕರು ಈಗ ಗುರುವಾರ ಗುರುವಾರ ಲೈಬ್ರರಿಗೆ ಬಂದು, ಮೂವತ್ತು ವರ್ಷದ ತಮ್ಮ ಕಡತಗಳನ್ನು ಒಂದೊಂದಾಗಿ ಬಿಡಿಸಿ, ಯಾವುದು ಖರೇನ ಕೊನೆಯದು ಎಂದು ಪತ್ತೆ ಹಚ್ಚುವ ಕೆಲಸ ಹಿಡಿದಿದ್ದರು. ಒಂದು ದಿನ ಕುಸುಬೆಯ ಮೇಲೆ ಕೆಲಸ ಮಾಡುವ ಸೌಮ್ಯಾ ಎಂಬ ಹೊಸ ವಿಜ್ಞಾನಿ ತಾನಾಗಿಯೇ ಪೆನ್‌ಡ್ರೈವ್ ತಂದು ನಾಗರತ್ನಾಳ ಮೇಜಿನ ಮೇಲಿಟ್ಟಳು. ಮುಂದಿನ ಪ್ರಬಂಧವನ್ನು ಎಲ್ಲಿಗೆ ಕಳಿಸಿದರೆ ಮೊದಲ ದಿನದಿಂದಲೇ ಎಲ್ಲರೂ ಓದಬಹುದು ಎಂದೂ ಕೇಳಿದಳು. ಓದುಗರಿಂದಲೂ ಲೇಖಕರಿಂದಲೂ ದುಡ್ಡು ಕೇಳದ ಜರ್ನಲ್ಲುಗಳಿವೆ, ಬನ್ನಿ ತೋರಿಸುತ್ತೇನೆ ಎಂದು ನಾಗರತ್ನಾ ಕುರ್ಚಿ ಎಳೆದಳು. ಡಿಸೆಂಬರ್ ಹೊತ್ತಿಗೆ ಭಂಡಾರದಲ್ಲಿ ಎಂಬತ್ತಾರು ಪ್ರಬಂಧಗಳಾದವು. ಅವುಗಳಲ್ಲಿ ಹದಿನಾಲ್ಕು ಕನ್ನಡದಲ್ಲೂ ಇದ್ದವು.

ಜನವರಿಯ ಒಂದು ಶನಿವಾರ ಮಧ್ಯಾಹ್ನ ದಾನವ್ವ ಮತ್ತೆ ಬಂದಳು. ಈ ಸಲ ಜೊತೆಗೆ ಸುಳ್ಳದ ಇನ್ನೂ ಐದು ಹೆಂಗಸರು. ಅವರಲ್ಲಿ ರುಕ್ಮವ್ವ ಎಂಬವಳ ಕೈಯಲ್ಲಿ ಸೌಮ್ಯಾಳ ಪ್ರಬಂಧದ ಕನ್ನಡ ಪ್ರತಿ ಇತ್ತು, ಅಲ್ಲಲ್ಲಿ ಪೆನ್ಸಿಲ್ ಗೆರೆ ಹಾಕಿದ್ದು.

"ತಂಗೀ, ಈ ಕುಸುಬಿ ಬರದಾಕಿ ಇಲ್ಲೇ ಅದಾಳೇನು?" ದಾನವ್ವ ಕೇಳಿದಳು.

ನಾಗರತ್ನಾ ಸೌಮ್ಯಾಳನ್ನು ಕೆಳಗೆ ಕರೆದಳು. ಮುಳ್ಳಿಲ್ಲದ ಕುಸುಬೆ ಬೆಳೆದರೆ ಕೊಯ್ಯುವವರ ಕೈಗೆ ಹಿತ, ಇಳುವರಿಯೂ ಕಡಿಮೆಯಾಗದು ಎಂಬುದು ಅವಳ ಪ್ರಬಂಧದ ಸಾರ. ರುಕ್ಮವ್ವ ಗೆರೆ ಹಾಕಿದ ಸಾಲು ತೋರಿಸಿದಳು.

"ಕೈಗೆ ಛಲೋ ಖರೇ. ಆದ್ರ ಮುಳ್ಳಿರತೈತಿ ಅಂತನ ನಾವು ಜ್ವಾಳದ ಹೊಲದ ಸುತ್ತ ಕುಸುಬಿ ಹಾಕೂದು. ದನಾ ಒಳಗ ಹೊಗೂದಿಲ್ಲ. ಮುಳ್ಳ ಇಲ್ಲಂದ್ರ ಮೊದಲ ಕುಸುಬಿ ತಿಂತಾವು, ಆಮ್ಯಾಲ ಜ್ವಾಳಕ್ಕ ಬರ್ತಾವು. ಅದನ್ನ ನೀವು ನೋಡಿಲ್ಲೇನವಾ?"

ಸೌಮ್ಯಾ ಬಾಗಿ ಆ ಸಾಲನ್ನು ಓದಿದಳು. "ನಮ್ಮ ಪ್ಲಾಟಿಗೆ ತಂತಿ ಬೇಲಿ ಇತ್ರಿ," ಎಂದಳು. "ಅದನ್ನ ನಾವು ನೋಡಿಲ್ಲ."

"ಹಂಗಾರ ನಮ್ಮ ಹೊಲದಾಗ ಹಾಕಿ ನೋಡು ಬಾ. ಅರ್ಧ ಮುಳ್ಳಿಂದು, ಅರ್ಧ ಮುಳ್ಳಿಲ್ಲದ್ದು," ಎಂದಳು ರುಕ್ಮವ್ವ.

ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಯಾವ ಹೊಲ, ಎಷ್ಟು ಸಾಲು, ಹೊಲಕ್ಕೆ ನುಗ್ಗುವುದರಲ್ಲಿ ಯಾರ ಎಮ್ಮೆ ಹೆಚ್ಚು ತುಡುಗು. ಫ್ಯಾನಿನ ಕೆಳಗೆ ಓದುತ್ತಿದ್ದ ಹುಡುಗಿಯೊಬ್ಬಳು ತಿರುಗಿ ನೋಡಿ, ಪುಸ್ತಕ ಮಡಚಿಟ್ಟು ಕೇಳುತ್ತ ಕೂತಳು. ಲೈಬ್ರರಿಯಲ್ಲಿ ಸದ್ದು ಮಾಡಬಾರದು ಎಂದು ಹೇಳಲು ನಾಗರತ್ನಾ ಬಾಯಿ ತೆರೆಯಲಿಲ್ಲ. ಸೌಮ್ಯಾ ನೋಟ್‌ಬುಕ್ ತೆಗೆದು ಬರೆದುಕೊಳ್ಳತೊಡಗಿದಳು. ಕುರ್ಚಿಗಳು ಸಾಲದೆ ಇಬ್ಬರು ನಿಂತೇ ಇದ್ದರು. ನಾಗರತ್ನಾ ಪಕ್ಕದ ಕೋಣೆಯಿಂದ ಇನ್ನಷ್ಟು ತರಲು ಎದ್ದು ಹೋದಳು.